ಹುಳಿಯೇ ಬೇರೆ, ಹಳಸಲೇ ಬೇರೆ

ಕಪಿಲೆಯ ದಡದ ಹಿತ್ತಿಲಲ್ಲಿ ಕೋಳಿಗೆ ಹುಳಿ ಮೇವು. ಅಜ್ಜಿಯರ ಕಲಗಚ್ಚಿನ ಬಾನಿ ಹೋಗಿ ನೀಲಿ ಬಕೆಟ್ಟು ಬಂದಿದೆ. ಆದರೆ ಬಾನಿಯ ಜೊತೆಗಿದ್ದ ಇನ್ನೊಂದು ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬೆಳಗಿನ ಆರೂವರೆ. ಕಪಿಲೆ ನಂಜನಗೂಡು ದಾಟಿ ಸುತ್ತೂರಿನತ್ತ ಹೊರಳುವ ಕಡೆ, ಹೊಳೆಗೆ ಕೂಗಳತೆಯಲ್ಲಿರುವ ಒಂದು ಹಳ್ಳಿ. ಗೂಡಿನ ಹಲಗೆ ಸರಿಸಿದ್ದೇ ತಡ, ಹದಿಮೂರು ಹೇಂಟೆ, ಒಂದು ಹುಂಜ ದಬದಬನೆ ಹೊರಬಿದ್ದು ಮನೆಯಾಕೆಯ ಕಾಲು ಸುತ್ತಿಕೊಂಡವು. ಅವರ ಕೈಯಲ್ಲೊಂದು ನೀಲಿ ಬಕೆಟ್ಟು, ಬಾಯಿಗೆ ಹಳೆ ಪಂಚೆಯ ತುಂಡು ಕಟ್ಟಿದೆ. ಬಟ್ಟೆ ಬಿಚ್ಚಿದರೆ ಒಳಗೆ ನುಚ್ಚು, ಒಡಕು ಮುಸುಕಿನ ಜೋಳ, ರಾಗಿ, ತೌಡು ಎಲ್ಲ ನೆಂದು ಉಬ್ಬಿ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಬೇಸಿಗೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟಿನ ಮುಚ್ಚಳ ಬೆಳಿಗ್ಗೆ ತೆಗೆದಾಗ ಮುಖಕ್ಕೆ ಬಡಿಯುತ್ತದಲ್ಲ, ಅದೇ ವಾಸನೆ.

ಕೋಳಿಗಳು ಅಷ್ಟು ಗಲಾಟೆ ಮಾಡುತ್ತಿದ್ದರೂ ಅವರು ಬಕೆಟ್ಟನ್ನು ಅವುಗಳ ಮುಂದೆ ಇಡಲಿಲ್ಲ. ನೇರ ಜಗಲಿಗೆ ಒಯ್ದು, ಕಂಬಕ್ಕೆ ಒರಗಿ ಕೂತಿದ್ದ ಅತ್ತೆಯ ಮುಖದ ಹತ್ತಿರ ಹಿಡಿದರು. ಎರಡೂ ಕಣ್ಣಿಗೆ ಪೊರೆ ಬಂದಿರುವ ಮುದುಕಿ ಒಮ್ಮೆ ಉಸಿರೆಳೆದು, “ಸರ್ಯಾಗದ, ಆಕು ಕನವ್ವ” ಎಂದರು. ಆಮೇಲೆ ಕೋಳಿಗಳ ಸರದಿ ಬಂತು.

ಹಿರಿಯರಿಗೆ ಮೊದಲು ತೋರಿಸುವ ಯಾವುದೋ ಶಾಸ್ತ್ರವಿರಬೇಕು ಅಂದುಕೊಂಡೆ. ಅದು ಏನೆಂದು ತಿಳಿದದ್ದು ಹೊರಡುವ ಹೊತ್ತಿಗೆ.

ಬಾಗಿಲ ಹಿಂದಿನ ಬಾನಿ

ಬಕೆಟ್ಟಿನ ವಿದ್ಯೆ ಆ ಮನೆಗೆ ಬಂದದ್ದು ಮಗನ ಮೊಬೈಲಿನಿಂದ. ಯಾವುದೋ ದೇಶದ ಹೆಂಗಸು ಗಾಜಿನ ಜಾಡಿಯಲ್ಲಿ ಕಾಳು ನೆನೆಹಾಕಿ, ಮೂರು ದಿನ ಹುಳಿಬರಿಸಿ ತನ್ನ ಕೋಳಿಗಳಿಗೆ ಹಾಕುವ ವಿಡಿಯೊ. ಅದನ್ನು ಬಿಡಿಸಿ ಹೇಳಿದಾಗ ಮುದುಕಿ ನಕ್ಕರಂತೆ. “ಇದ ಪಾರಿನ್ನೋರು ಬಂದು ಯೋಳ್ಕೊಡ್ಬೇಕಾ? ಕಲಗಚ್ಚು ಅಲ್ವ ಇದು?”

ಮುದುಕಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಹಳೆ ಮೈಸೂರಿನ ಯಾವ ಹಳ್ಳಿಯ ಹಿತ್ತಿಲಿಗೆ ಹೋದರೂ ನಲವತ್ತು ವರ್ಷದ ಹಿಂದೆ ಬಾಗಿಲ ಪಕ್ಕದಲ್ಲಿ ಒಂದು ಕಲ್ಲುಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ಪಾತ್ರೆಯ ತಳದ ಮುಸುರೆ, ತರಕಾರಿ ಸಿಪ್ಪೆ, ಮಿಕ್ಕ ಮುದ್ದೆ, ಮೇಲೊಂದು ಹಿಡಿ ತೌಡು ಇಷ್ಟೂ ಅದರ ಹೊಟ್ಟೆಗೆ. ಹಳಗನ್ನಡದಲ್ಲಿ ಕರ್ಚು ಎಂದರೆ ತೊಳೆ. ಮಲೆನಾಡು, ಕರಾವಳಿಯವರ ಅಕ್ಕಚ್ಚು, ಬಯಲುಸೀಮೆಯವರ ಕಲಗಚ್ಚು ಎರಡೂ ಆ ತೊಳೆಯುವ ಕೆಲಸದಿಂದಲೇ ಬಂದ ಮಾತುಗಳು. ಹಸು ಎಮ್ಮೆಗೆ ಸಂಜೆ ಅದೇ ನೀರು. ತಳದಲ್ಲಿ ಕೂತ ಗಸಿ ಕೋಳಿಗೆ.

ನರಸೀಪುರ ತಾಲ್ಲೂಕಿನ ನಮ್ಮಜ್ಜಿಯ ಮನೆಯಲ್ಲಿ ಆ ಬಾನಿಯನ್ನು ಪೂರ್ತಿ ತೊಳೆದದ್ದನ್ನು ನಾನು ಕಂಡಿಲ್ಲ. ನೀರು ಖಾಲಿಯಾದ ಮೇಲೆ ತೆಂಗಿನ ಜುಂಗಿನಿಂದ ಒಂದು ಸುತ್ತು ಉಜ್ಜಿ, ಒಂದು ಚೊಂಬು ನೀರು ಚೆಲ್ಲಿದರೆ ಮುಗಿಯಿತು. ಕಲ್ಲಿನ ಸಂದಿನಲ್ಲಿ ಉಳಿದ ಲೋಳೆಯೇ ಮರುದಿನದ ಹೆಪ್ಪು ಎಂದು ಅಜ್ಜಿ ಹೇಳಿರಲಿಲ್ಲ. ಆದರೆ ಹೊಸ ಬಾನಿ ತಂದ ವಾರ “ಅಸ ಮೂತಿ ಇಕ್ತಾ ಇಲ್ಲ, ಇನ್ನೂ ಪಳಗಿಲ್ಲ” ಎಂದು ಗೊಣಗಿದ್ದು ನೆನಪಿದೆ. ಪಳಗಬೇಕಾದದ್ದು ಹಸುವೋ ಬಾನಿಯೋ ಎಂದು ಆಗ ಗೊತ್ತಾಗಿರಲಿಲ್ಲ.

ಬಾನಿಗೊಂದು ಊರಿನ ಲೆಕ್ಕವೂ ಇತ್ತು. ಹಸುವಿಲ್ಲದ ಮನೆಯವರು ತಮ್ಮ ಅಕ್ಕಿನೀರನ್ನು ಹಸುವಿದ್ದ ಮನೆಗೆ ಸುರಿದು ಬರುವರು. ಹಬ್ಬದ ದಿನ ಅದೇ ಮನೆಯಿಂದ ಒಂದು ಚೊಂಬು ಮಜ್ಜಿಗೆ ವಾಪಸ್ಸು. ಕೋಳಿಯ ಲೆಕ್ಕ ಮಾತ್ರ ಪೂರ್ತಿ ಹೆಂಗಸರದು. ಮೊಟ್ಟೆ ಮಾರಿದ ಕಾಸು, ಮಾರಿಹಬ್ಬಕ್ಕೆ ಹುಂಜ ಕೊಟ್ಟ ಕಾಸು ಅವರ ಸೆರಗಿನ ಗಂಟಿಗೆ. ಅದಕ್ಕೆ ಗಂಡಸರು ಕೈ ಹಾಕುತ್ತಿರಲಿಲ್ಲ.

ಆಮೇಲೆ ಒಂದೊಂದೇ ಬದಲಾಯಿತು. ಹಾಲಿನ ಡೇರಿ ಬಂತು, ಡೇರಿಯ ಹಿಂದೆಯೇ ಪಶು ಆಹಾರದ ಮೂಟೆ ಬಂತು. ಅಕ್ಕಿ ಗಿರಣಿಯಲ್ಲಿ ಪಾಲಿಶ್ ಆಗಿ ಬರತೊಡಗಿದ ಮೇಲೆ ತೊಳೆದ ನೀರಿನಲ್ಲಿ ಮೊದಲಿನ ತೌಡಿಲ್ಲ. ಕುಕ್ಕರ್ ಬಂದ ಮೇಲೆ ಗಂಜಿ ಬಸಿಯುವುದೇ ನಿಂತಿತು. ಪಾತ್ರೆ ತೊಳೆಯಲು ಬೂದಿ, ಜುಂಗಿನ ಬದಲು ಸೋಪಿನ ಬಿಲ್ಲೆ ಬಂದಿತು, ಆ ನೀರನ್ನು ಯಾವ ಹಸುವೂ ಕುಡಿಯದು. ಕಲಗಚ್ಚನ್ನು ಯಾರೂ ಬೇಕೆಂದು ಬಿಡಲಿಲ್ಲ. ಅದಕ್ಕೆ ಬರುತ್ತಿದ್ದ ಸಾಮಾನೇ ಅಡುಗೆಮನೆಯಿಂದ ಒಂದೊಂದಾಗಿ ಮಾಯವಾಯಿತು.

ಬಕೆಟ್ಟಿನೊಳಗಿನ ಕೆಲಸಗಾರರು

ಕಾಳು ನೀರಿನಲ್ಲಿ ನೆಂದರೆ ಮೊದಲು ಏಳುವುದು ಅದರ ಮೇಲೆಯೇ ಅಂಟಿಕೊಂಡಿದ್ದ ನೂರಾರು ಬಗೆಯ ಸೂಕ್ಷ್ಮಜೀವಿಗಳು, ಒಳ್ಳೆಯವು ಕೆಟ್ಟವು ಎರಡೂ. ನೀರಿನಡಿ ಗಾಳಿ ಕಡಿಮೆಯಾಗುತ್ತಿದ್ದಂತೆ ಗಾಳಿ ಬೇಕಾದವು ಸೊರಗುತ್ತವೆ, ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ತಲೆ ಎತ್ತುತ್ತವೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್, ಮೊಸರು ಹೆಪ್ಪುಗಟ್ಟಿಸುವ ಲ್ಯಾಕ್ಟೊಬ್ಯಾಸಿಲಸ್ ಎಲ್ಲ ಈ ಒಂದೇ ಬಳಗ. ಅವು ಕಾಳಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಪಿಎಚ್ ಏಳರ ಆಸುಪಾಸಿನಿಂದ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ಸಾಲ್ಮೊನೆಲ್ಲದಂಥ ಕರುಳಿನ ರೋಗಾಣುಗಳಿಗೆ ಬಾಳುವುದು ಕಷ್ಟ.

ಕೋಳಿಗೆ ಇದು ತೀರ ಹೊಸದೂ ಅಲ್ಲ. ಅದರ ಕೊರಳ ಬುಡದಲ್ಲೊಂದು ಚೀಲವಿದೆ. ಸಂಜೆ ಗೂಡು ಸೇರುವ ಕೋಳಿಯ ಎದೆಯ ಮೇಲೆ ಕೈಯಾಡಿಸಿದರೆ ನಿಂಬೆಹಣ್ಣಿನ ಗಾತ್ರಕ್ಕೆ ಸಿಗುವುದು ಅದೇ. ತಿಂದ ಕಾಳು ಅಲ್ಲಿ ಕೆಲವು ಗಂಟೆ ನೆನೆಯುತ್ತದೆ, ಅಲ್ಲಿಯೂ ಇದೇ ಲ್ಯಾಕ್ಟಿಕ್ ಬಳಗ ಬಿಡಾರ ಹೂಡಿರುತ್ತದೆ. ಹುಳಿ ಮೇವು ಹಾಕುವುದೆಂದರೆ ಆ ಚೀಲದ ಕೆಲಸವನ್ನು ಒಂದು ದಿನ ಮೊದಲೇ ಬಕೆಟ್ಟಿನಲ್ಲಿ ಶುರುಮಾಡಿಕೊಟ್ಟಂತೆ.

ಇನ್ನೊಂದು ಲಾಭ ಕಣ್ಣಿಗೆ ಕಾಣದು. ಧಾನ್ಯದಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ. ಅದು ಸುಣ್ಣ, ಸತು, ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೀಗ ತೆಗೆಯುವ ಫೈಟೇಸ್ ಎಂಬ ಕಿಣ್ವ ಕೋಳಿಯ ಹೊಟ್ಟೆಯಲ್ಲಿ ತೀರ ಕಡಿಮೆ. ಕಾಳಿನೊಳಗೇ, ಅದರಲ್ಲೂ ಗೋಧಿ ಬೂಸದಲ್ಲಿ, ಅದು ಧಾರಾಳವಾಗಿದೆ. ಆದರೆ ಒಣಗಿದ್ದಾಗ ಮಲಗಿರುತ್ತದೆ. ನೀರು ಬಿದ್ದು ಸ್ವಲ್ಪ ಹುಳಿ ಏರಿದಾಗ ಎದ್ದು ಕೆಲಸ ಮಾಡುತ್ತದೆ. ತೌಡಿನಂಥ ಫೈಟೇಟ್ ತುಂಬಿದ ಮೇವಿಗೆ ಒಂದು ಹಿಡಿ ಗೋಧಿ ಬೂಸ ಬೆರೆಸಿ ನೆನೆಹಾಕುವುದು ಇದಕ್ಕೇ ಒಳ್ಳೆಯದು.

ಯುರೋಪಿನಲ್ಲಿ ಇದನ್ನು ಅಳೆದು ನೋಡಿದ್ದಾರೆ. ನೆದರ್ಲೆಂಡ್ಸಿನ ಪ್ರಯೋಗಗಳಲ್ಲಿ ಹುಳಿ ಮೇವು ತಿಂದ ಮಾಂಸದ ಕೋಳಿಗಳಿಗೆ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಅಂಟುವುದು ಕಡಿಮೆಯಾಯಿತು. ಡೆನ್ಮಾರ್ಕಿನವರು 2009ರಲ್ಲಿ ಪ್ರಕಟಿಸಿದ ಮೊಟ್ಟೆ ಕೋಳಿಗಳ ಪ್ರಯೋಗದಲ್ಲಿ ಮೊಟ್ಟೆಯ ಚಿಪ್ಪು ಗಟ್ಟಿಯಾಯಿತು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಮೊದಮೊದಲು ಕೋಳಿಗಳು ಹುಳಿ ಮೇವಿಗೆ ಒಗ್ಗಲಿಲ್ಲ, ಒಂದನ್ನೊಂದು ಕುಕ್ಕಿ ಪುಕ್ಕ ಕಿತ್ತುಕೊಂಡವು. ನಮ್ಮಜ್ಜಿ ‘ಪಳಗಿಲ್ಲ’ ಎಂದದ್ದೂ ಇಂಥದ್ದೇ ಇರಬೇಕು.

ಹಿತ್ತಿಲ ಕೋಳಿ ಸಣ್ಣ ವಿಷಯ ಎನ್ನುವವರು ಗಣತಿ ನೋಡಬೇಕು. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದ ಒಟ್ಟು 85.18 ಕೋಟಿ ಕೋಳಿಗಳಲ್ಲಿ 31.7 ಕೋಟಿ ಹಿತ್ತಿಲಿನವು. ಹಿಂದಿನ ಗಣತಿಗಿಂತ ಇದು ಶೇ 46ರಷ್ಟು ಹೆಚ್ಚು. ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಗಿರಿರಾಜ, ಆಮೇಲಿನ ಸ್ವರ್ಣಧಾರದಂಥ ತಳಿಗಳು ನಾಟಿ ಕೋಳಿಯ ಜೊತೆ ಇದೇ ಹಿತ್ತಿಲನ್ನು ಸೇರಿವೆ. ಕೋಳಿ ಸಾಕುವ ಖರ್ಚಿನಲ್ಲಿ ಶೇ 60ರಿಂದ 70ರಷ್ಟು ಮೇವಿನದೇ. ಮಾಧವಮಂತ್ರಿ, ಹುಲ್ಲಹಳ್ಳಿ ಅಣೆಕಟ್ಟುಗಳ ನೀರುಂಡು ಭತ್ತ ಬೆಳೆಯುವ ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ನುಚ್ಚು, ತೌಡು ಪೇಟೆಯ ಫೀಡಿಗಿಂತ ಅಗ್ಗಕ್ಕೆ ಸಿಗುತ್ತವೆ. ಅವನ್ನು ಕೋಳಿಯ ಮೈಗೆ ಹತ್ತುವಂತೆ ಮಾಡುವ ಅಗ್ಗದ ಉಪಾಯ ಹುಳಿ.

ಮೇವು ಹುಳಿಸಿದ್ದಕ್ಕೆ ನೊಬೆಲ್

ಹುಳಿಯ ಈ ಗುಣಕ್ಕೆ ಜಗತ್ತಿನ ಅತಿ ದೊಡ್ಡ ಬಹುಮಾನವೂ ಸಿಕ್ಕಿದೆ. ಫಿನ್ಲೆಂಡಿನ ಅರ್ತುರಿ ಇಲ್ಮಾರಿ ವಿರ್ತಾನೆನ್ 1945ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದದ್ದು ಮುಖ್ಯವಾಗಿ ಹಸಿರು ಮೇವು ಕೆಡದಂತೆ ಇಡುವ ವಿಧಾನಕ್ಕೆ. ವರ್ಷದಲ್ಲಿ ಹಲವು ತಿಂಗಳು ಹಿಮ ಮುಚ್ಚುವ ನಾಡು, ಬೇಸಿಗೆಯಲ್ಲಿ ಕೊಯ್ದ ಹುಲ್ಲು ಚಳಿಗಾಲದವರೆಗೆ ಕೊಳೆಯದೆ ಉಳಿಯಬೇಕು. ಹುಳಿ ತಾನಾಗಿ ಬರುವವರೆಗೆ ಕಾಯದೆ, ತೆಳುಮಾಡಿದ ಆಮ್ಲವನ್ನೇ ಮೇವಿನ ಮೇಲೆ ಚಿಮುಕಿಸಿ ಪಿಎಚ್ ನಾಲ್ಕಕ್ಕಿಂತ ಕೆಳಗಿಳಿಸಿದರೆ ಕೊಳೆಯುವ ಕ್ರಿಯೆ ನಿಲ್ಲುತ್ತದೆ ಎಂದು ಅವರು ತೋರಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಎಐವಿ ಮೇವು ಎಂದೇ ಹೆಸರಾಯಿತು.

ನಮ್ಮಲ್ಲಿ ಅದರ ತಮ್ಮ ರಸಮೇವು. ಮುಸುಕಿನ ಜೋಳವನ್ನು ಕಾಳು ಹಾಲು ತುಂಬಿ ಗಟ್ಟಿಯಾಗುವ ಹೊತ್ತಿಗೆ ದಂಟು ಸಮೇತ ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲೋ ದಪ್ಪ ಚೀಲದಲ್ಲೋ ಗಾಳಿ ಉಳಿಯದಂತೆ ತುಳಿದು ಮುಚ್ಚುತ್ತಾರೆ. ಸುಮಾರು 45 ದಿನಕ್ಕೆ ಹೊಂಬಣ್ಣದ, ಹಣ್ಣಿನ ಹುಳಿ ವಾಸನೆಯ ಮೇವು ಸಿದ್ಧ. ಸುತ್ತೂರಿನಲ್ಲಿ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ವರ್ಷದ ಮೊದಲಲ್ಲಿ ಸುತ್ತೂರಿನ ಜಾತ್ರೆ, ಮುಡುಕುತೊರೆಯ ದನಗಳ ಜಾತ್ರೆ ನಡೆಯುತ್ತವೆ. ಅಲ್ಲಿ ಎತ್ತಿನ ಹಲ್ಲು ಎಣಿಸಿ ವಯಸ್ಸು ಹೇಳುವ ರೈತರು ರಸಮೇವು ಬಂದರೆ ಬೆರಳಲ್ಲಿ ಹಿಸುಕಿ ಮೂಗಿಗೆ ಹಿಡಿಯುತ್ತಾರೆ. ಹಲ್ಲು ನೋಡುವುದೂ ಮೂಸಿ ನೋಡುವುದೂ ಅವರಿಗೆ ಒಂದೇ ವಿದ್ಯೆಯ ಎರಡು ಪಾಠ.

ನರಸೀಪುರದ ರೇಷ್ಮೆ, ಕೋಳಿಯ ಪಾಲು

ಬಕೆಟ್ಟಿನ ನುಚ್ಚು ತೌಡಿನಲ್ಲಿ ಒಂದು ಕೊರತೆಯಿದೆ, ಪ್ರೋಟೀನ್. ಮೊಟ್ಟೆ ಇಡುವ ಕೋಳಿಗೆ ಬರೀ ಹಿಟ್ಟು ಸಾಲದು. ಮೊದಲೆಲ್ಲ ಅದು ತಿಪ್ಪೆ ಕೆದಕಿ ಹುಳ, ಗೆದ್ದಲು ಹೆಕ್ಕಿ ಆ ಲೆಕ್ಕ ಸರಿಮಾಡಿಕೊಳ್ಳುತ್ತಿತ್ತು. ನರಸೀಪುರದವರಿಗೆ ಇನ್ನೊಂದು ದಾರಿ ಊರಲ್ಲೇ ಇದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ತಾಲ್ಲೂಕು ಇದು, ಸರ್ಕಾರದ ರೇಷ್ಮೆ ನಿಗಮ ಕೆಎಸ್ಐಸಿಯ ನೂಲು ಬಿಚ್ಚುವ ಕಾರ್ಖಾನೆ ಇರುವುದೂ ಇಲ್ಲೇ. ಬಿಸಿನೀರಿನಲ್ಲಿ ಗೂಡು ಬಿಚ್ಚಿ ನೂಲು ಎಳೆದ ಮೇಲೆ ಒಳಗುಳಿಯುವುದು ಕಂದುಬಣ್ಣದ ಪ್ಯೂಪಾ. ಒಣಗಿಸಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಪ್ರೋಟೀನ್, ಸುಮಾರು ಕಾಲು ಪಾಲು ಕೊಬ್ಬು. ಮೀನಿಗೆ, ಕೋಳಿಗೆ ಇಷ್ಟು ಒಳ್ಳೆಯ ಸಾಮಾನು ಅಗ್ಗದಲ್ಲಿ ಸಿಗುವುದು ಅಪರೂಪ.

ಆದರೆ ಅದು ಕೆಡುವ ವೇಗವೂ ಹಾಗೇ. ನೂಲು ಬಿಚ್ಚಾಣಿಕೆ ಮನೆಗಳಿರುವ ಬೀದಿಯಲ್ಲಿ ಒಮ್ಮೆ ನಡೆದವರಿಗೆ ಅದರ ನಾತ ವಿವರಿಸಬೇಕಿಲ್ಲ. ಹಸಿ ಪ್ಯೂಪಾ ಒಂದು ದಿನ ಬಿಸಿಲಲ್ಲಿ ಬಿದ್ದರೆ ಕೊಬ್ಬು ಕಮಟಿ, ಪ್ರೋಟೀನ್ ಕೊಳೆತು ಮೇವಲ್ಲದ ವಸ್ತುವಾಗುತ್ತದೆ. ಇಲ್ಲಿಯೂ ಕಾಪಾಡಬಲ್ಲದ್ದು ಹುಳಿ. ಬೆಲ್ಲದ ಪಾಕದಂಥ ಸಿಹಿ ಬೆರೆಸಿ, ಲ್ಯಾಕ್ಟಿಕ್ ಹೆಪ್ಪು ಹಾಕಿ, ಗಾಳಿಯಾಡದಂತೆ ಮುಚ್ಚಿದರೆ ಹುಳಿ ಏರುತ್ತದೆ, ಕೊಳೆಯುವಿಕೆ ಹಿಂದೆ ಸರಿಯುತ್ತದೆ. ಪ್ಯೂಪಾದಲ್ಲಿ ಸಕ್ಕರೆ ತೀರ ಕಡಿಮೆ. ಬ್ಯಾಕ್ಟೀರಿಯಾಗಳಿಗೆ ಕೂಲಿ ಕೊಡುವುದು ಆ ಬೆಲ್ಲವೇ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದೇ ತತ್ವದ ಮೇಲೆ ಮೀನಿನ ಒಳಭಾಗ, ಕೋಳಿ ಕರುಳಿನಂಥ ತ್ಯಾಜ್ಯವನ್ನು ಹುಳಿಸಿ ಮೇವಾಗಿಸುವ ಸಂಶೋಧನೆ ಮಾಡಿದ್ದಾರೆ. ಆದರೆ ಅದು ಅಳತೆ, ಉಷ್ಣ, ಹೆಪ್ಪು ಎಲ್ಲ ಗೊತ್ತಿರುವವರ ಕೆಲಸ. ಮನೆಯ ಬಕೆಟ್ಟಿಗೆ ಮಾಂಸ, ಕರುಳು, ಹಸಿ ಪ್ಯೂಪಾ ಸುರಿಯುವ ಸಾಹಸ ಬೇಡ. ಚೆನ್ನಾಗಿ ಒಣಗಿದ ಪ್ಯೂಪಾ ಒಂದು ಹಿಡಿಯನ್ನು ಹಾಕುವ ಹೊತ್ತಿಗೆ ಮೇಲೆ ಉದುರಿಸಿದರೆ ಸಾಕು.

ಐದು ವಾಸನೆ, ಐದು ಮಾತು

ವಿಡಿಯೊದಲ್ಲಿ ಎಲ್ಲ ಇರುತ್ತದೆ, ವಾಸನೆ ಒಂದು ಬಿಟ್ಟು. ಅಲ್ಲೇ ತಪ್ಪುವುದು. “ಉಳಿ ಬ್ಯಾರೆ, ಅಳಸದು ಬ್ಯಾರೆ ಕನಪ್ಪ” ಎಂದು ಜಗಲಿಯ ಮುದುಕಿ ನನಗೆ ಒಂದೇ ಸಾಲಿನಲ್ಲಿ ಹೇಳಿದ್ದನ್ನು ಬಿಡಿಸುತ್ತ ಹೋದರೆ ಒಂದು ಪಾಠವೇ ಆಗುತ್ತದೆ. ಕನ್ನಡದಲ್ಲಿ ಕೆಟ್ಟ ಆಹಾರಕ್ಕೆ ಒಂದೇ ಮಾತಿಲ್ಲ. ಒಂದೊಂದು ಬಗೆಯ ಕೆಡುಕಿಗೆ ಒಂದೊಂದು ವಾಸನೆ, ಒಂದೊಂದು ಹೆಸರು.

ಹುಳಿ ಎಂದರೆ ಮೊಸರಿನ, ದೋಸೆಹಿಟ್ಟಿನ ವಾಸನೆ. ಲ್ಯಾಕ್ಟಿಕ್ ಬಳಗ ಗೆದ್ದಿದೆ ಎಂದು ಅರ್ಥ. ಹಾಕಬಹುದು.

ಹಳಸಲು ಬೇರೆ. ಬೇಸಿಗೆಯಲ್ಲಿ ಮುಚ್ಚಿಟ್ಟ ಅನ್ನ ಮಧ್ಯಾಹ್ನಕ್ಕೆ ಬೆರಳಿಗೆ ನೂಲು ನೂಲಾಗಿ ಎಳೆ ಬರುತ್ತದಲ್ಲ, ಅದು. ಹುಳಿ ಏರುವ ಮೊದಲೇ ಬೇರೆ ಬ್ಯಾಕ್ಟೀರಿಯಾಗಳು ಗದ್ದುಗೆ ಏರಿವೆ. ತಿಪ್ಪೆಗೆ ಸುರಿದು ಬಕೆಟ್ಟನ್ನು ತಿಕ್ಕಿ ತೊಳೆಯಬೇಕು.

ಕಮಟು ಎಣ್ಣೆಯ ಕೆಡುಕು. ತೌಡಿನಲ್ಲಿ ಶೇ 15ರ ಆಸುಪಾಸು ಎಣ್ಣೆಯಿದೆ. ಗಿರಣಿಯಿಂದ ಹೊರಬಿದ್ದ ಕೆಲವೇ ಗಂಟೆಯಲ್ಲಿ ಅದರೊಳಗಿನ ಕಿಣ್ವ ಆ ಎಣ್ಣೆಯನ್ನು ಮುರಿಯಲು ಶುರುಮಾಡುತ್ತದೆ. ತಿಂಗಳುಗಟ್ಟಲೆ ಮೂಟೆಯಲ್ಲಿಟ್ಟ ತೌಡು ಹುಳಿಸಿದ ಮೇಲೂ ಕಮಟೇ. ಆದ್ದರಿಂದ ತೌಡು ವಾರಕ್ಕಾಗುವಷ್ಟೇ ತರಬೇಕು.

ನಾತ ಮಾಂಸ ಮೀನು ಕೊಳೆತಾಗಿನದು. ಅದರಲ್ಲಿ ಬಾಟುಲಿಸಂ ವಿಷ ಹುಟ್ಟಬಹುದು. ತಿಂದ ಕೋಳಿಯ ಕೊರಳು ಬಟ್ಟೆಯಂತೆ ನೆಲಕ್ಕೆ ಜೋತುಬೀಳುತ್ತದೆ.

ಎಲ್ಲಕ್ಕಿಂತ ಮೋಸದ್ದು ಮುಗ್ಗಲು. ಗೋಡೆಯ ತೇವ ಹೀರಿದ ಮೂಟೆಯ ವಾಸನೆ ಅದು, ಬೂಷ್ಟಿನ ಗುರುತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿ, ಅದರ ಮೇಲೆ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು, ಅದು ಮಾಡಿದ ವಿಷ. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ದೂರದ ಕಥೆಯಾಗಿ ಉಳಿಯಲಿಲ್ಲ. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಇದೇ ವಿಷಕ್ಕೆ ಸತ್ತವು. ಈ ವಿಷ ಕುದಿಸಿದರೆ ಹೋಗದು, ಹುಳಿಸಿದರೆ ಹೋಗುತ್ತದೆ ಎಂದು ನಂಬುವಂತಿಲ್ಲ. ಹಸು ತಿಂದರೆ ಹಾಲಿನಲ್ಲಿಯೂ ಅದರ ಅಂಶ ಇಳಿಯುತ್ತದೆ. ಮುಗ್ಗಿದ ಹಿಂಡಿಯನ್ನು “ಹೆಂಗೂ ಹುಳಿಸ್ತೀವಲ್ಲ” ಎಂದು ಬಕೆಟ್ಟಿಗೆ ಹಾಕುವವರು ಮೇವನ್ನು ಉಳಿಸುತ್ತಿಲ್ಲ, ವಿಷವನ್ನು ನೆನೆಹಾಕುತ್ತಿದ್ದಾರೆ.

ಹಸುವಿನ ಹೊಟ್ಟೆಯಲ್ಲೇ ಒಂದು ಬಾನಿ

ಕೋಳಿಗೆ ಒಗ್ಗಿದ್ದು ಹಸುವಿಗೂ ಒಗ್ಗುತ್ತದೆ ಎಂದು ಬಕೆಟ್ಟು ದೊಡ್ಡದು ಮಾಡುವ ಮೊದಲು ಒಂದು ನೆನಪು ಹೇಳಬೇಕು.

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಬೀದಿಯಲ್ಲಿ ಒಂದು ಮದುವೆ. ಮಾರನೆ ದಿನ ಮಿಕ್ಕ ಅನ್ನ, ಪಾಯಸವನ್ನು ಎಸೆಯಲು ಮನಸ್ಸಾಗದೆ ಪಕ್ಕದ ಮನೆಯ ಹಸುವಿನ ಮುಂದೆ ಒಂದು ಕುಕ್ಕೆಯಷ್ಟು ಸುರಿದರು. ಹಸು ಪೂರ್ತಿ ತಿಂದಿತು. ಪುಣ್ಯದ ಕೆಲಸವೆಂದು ಎಲ್ಲರೂ ನಿಂತು ನೋಡಿದೆವು. ಸಂಜೆಗೆ ಅದು ಮೆಲುಕು ಹಾಕುವುದು ನಿಲ್ಲಿಸಿತು. ರಾತ್ರಿ ಹಲ್ಲು ಕಡಿಯುತ್ತ, ಎದ್ದರೆ ತೂರಾಡುತ್ತ, ಬೆಳಗಿನ ಜಾವಕ್ಕೆ ಕಾಲು ಚಾಚಿತ್ತು. ಯಾರದೋ ಕಣ್ಣು ಬಿತ್ತು ಎಂದರು.

ಕಣ್ಣು ಬಿದ್ದಿರಲಿಲ್ಲ. ಹಸು ತನ್ನ ಬಾನಿಯನ್ನು ಹೊಟ್ಟೆಯಲ್ಲೇ ಹೊತ್ತು ತಿರುಗುವ ಪ್ರಾಣಿ. ದೊಡ್ಡ ಹಸುವಿನ ಮೊದಲ ಹೊಟ್ಟೆ ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅಲ್ಲಿನ ಪಿಎಚ್ ಆರರಿಂದ ಏಳು. ಹುಲ್ಲಿನ ನಾರನ್ನು ನಿಧಾನಕ್ಕೆ ಹುದುಗಿಸುವ ಜೀವಿಗಳಿಗೆ ಅದೇ ಹಿತ. ಅಲ್ಲಿಗೆ ಒಮ್ಮೆಲೇ ಕುಕ್ಕೆ ತುಂಬ ಅನ್ನ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಮಾಡುವವು ಹುಚ್ಚೆದ್ದು ಬೆಳೆದು ಪಿಎಚ್ ಐದಕ್ಕಿಂತ ಕೆಳಗಿಳಿಯುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ, ಹೊಟ್ಟೆ ನಿಂತುಹೋಗುತ್ತದೆ, ಹುಳಿ ರಕ್ತಕ್ಕೇರುತ್ತದೆ. ಬಕೆಟ್ಟಿನಲ್ಲಿ ಕೋಳಿಯನ್ನು ಕಾಯುವ ಆಮ್ಲವೇ ಹಸುವಿನ ಹೊಟ್ಟೆಯಲ್ಲಿ ಅದನ್ನು ಕೊಲ್ಲುತ್ತದೆ.

ಹಾಗಾದರೆ ಕಲಗಚ್ಚು ಕುಡಿದ ಹಸುಗಳು ಹೇಗೆ ಬದುಕಿದವು? ಅದು ತಿಳಿಯಾಗಿತ್ತು. ಒಂದು ಬಾನಿ ನೀರಿಗೆ ನಾಲ್ಕು ಹಿಡಿ ಹಿಟ್ಟು, ಅದೂ ದಿನಾ ಅಷ್ಟೇ. ಹೊಟ್ಟೆಗೆ ಮುಂಚೆಯೇ ಹುಲ್ಲು ಬಿದ್ದಿರುತ್ತಿತ್ತು. ಬನ್ನೂರು ಕುರಿ ಸಾಕುವವರಿಗೂ ಇದೇ ಮಾತು. ಕುರಿ ಮೇಕೆಗೂ ಒಮ್ಮೆಲೇ ಕಾಳು, ಅನ್ನ ಸುರಿಯಬಾರದು. ಜಾತ್ರೆ, ಮದುವೆ, ತಿಥಿಯ ಮಾರನೆ ದಿನ ಹಸು ಮಂಕಾಗಿ ಮೆಲುಕು ಬಿಟ್ಟರೆ ದೃಷ್ಟಿ ತೆಗೆಯುತ್ತ ಕೂರದೆ ಪಶುವೈದ್ಯರನ್ನು ಕರೆಯಬೇಕು. ಉಳಿದಿರುವುದು ಗಂಟೆಗಳ ಲೆಕ್ಕ. ಹಂದಿಯ ಹೊಟ್ಟೆ ಮಾತ್ರ ನಮ್ಮ ಹೊಟ್ಟೆಯಂತೆಯೇ ಒಂಟಿ. ಡೆನ್ಮಾರ್ಕಿನಂಥ ಕಡೆ ಹುಳಿ ಬಂದ ನೀರು ಮೇವು ಅವಕ್ಕೆ ವಾಡಿಕೆ.

ಹತ್ತು ಕೋಳಿಗೆ ಇಷ್ಟು

ಹಗಲೆಲ್ಲ ಮೇಯಲು ಬಿಡುವ ಹತ್ತು ಕೋಳಿಗೆ ದಿನಕ್ಕೆ ಅರ್ಧ ಕಿಲೊ ಒಣ ಕಾಳು ಸಾಕು. ನುಚ್ಚು, ಒಡೆದ ಮುಸುಕಿನ ಜೋಳ, ರಾಗಿ ಸಮಸಮ, ಒಂದು ಹಿಡಿ ಗೋಧಿ ಬೂಸ, ಒಂದು ಹಿಡಿ ಹೊಸ ತೌಡು. ಮೇಲೆ ಎರಡು ಬೆರಳು ನೀರು ನಿಲ್ಲಬೇಕು, ಕಾಳು ಹೀರಿ ಉಬ್ಬಿದಂತೆ ಮತ್ತೆ ಸೇರಿಸಬೇಕು. ನೀರಿನ ಮೇಲೆ ತಲೆ ಎತ್ತಿದ ಕಾಳಿಗೇ ಮೊದಲು ಬೂಷ್ಟು ಹಿಡಿಯುವುದು. ಮೊದಲ ದಿನ ಎರಡು ಚಮಚ ಹುಳಿ ಮಜ್ಜಿಗೆ ಹೆಪ್ಪಿಗೆ. ಆಮೇಲೆ ಹಿಂದಿನ ದಿನದ ಒಂದು ಸೌಟು ಉಳಿಸಿಕೊಂಡರೆ ಅದೇ ಹೆಪ್ಪು. ದಿನಕ್ಕೆರಡು ಸಲ ಕೈಯಾಡಿಸಿ, ಬಟ್ಟೆ ಕಟ್ಟಿ ನೆರಳಲ್ಲಿ ಇಡಬೇಕು. ಏಪ್ರಿಲ್‌ನಲ್ಲಿ ಒಂದು ದಿನಕ್ಕೆ ಹದ, ಡಿಸೆಂಬರ್ ಚಳಿಯಲ್ಲಿ ಎರಡು ಮೂರು ದಿನ. ಮಣ್ಣಿನ ಗಡಿಗೆ, ಸ್ಟೀಲು, ಅಡುಗೆಗೆ ಬಳಸುವ ಪ್ಲಾಸ್ಟಿಕ್ ಆಗಬಹುದು. ತಾಮ್ರ ಹಿತ್ತಾಳೆ ಕೂಡದು, ಹುಳಿ ಲೋಹವನ್ನು ಕರಗಿಸಿ ಮೇವಿಗೆ ಇಳಿಸುತ್ತದೆ. ಉಪ್ಪಿನಕಾಯಿ, ಹಪ್ಪಳದ ಚೂರು, ಉಪ್ಪು ಹೆಚ್ಚಿರುವ ಸಾರು ಬಕೆಟ್ಟಿಗೆ ಬೀಳಬಾರದು, ಹೆಚ್ಚು ಉಪ್ಪು ಕೋಳಿಗೆ ವಿಷ.

ಬಸಿದು ಹಾಕಿ, ಅರ್ಧ ಗಂಟೆ ಒಂದು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ. ಮಿಕ್ಕದ್ದು ಬಿಸಿಲಲ್ಲಿ ಬಿದ್ದಿದ್ದರೆ ಹುಳಿ ಹಳಸಲಾಗುತ್ತದೆ. ಮೊದಲ ವಾರ ಒಣ ಕಾಳಿನ ಜೊತೆ ಬೆರೆಸಿ ಪಳಗಿಸಬೇಕು. ಇಷ್ಟೆಲ್ಲ ಮಾಡಿದರೂ ಹುಳಿ ಮೇವು ಲಸಿಕೆಯಲ್ಲ. ಕೊಕ್ಕರೆ ರೋಗ ಬಂದರೆ ಹುಳಿ ತಿಂದ ಕೋಳಿಯೂ ತಿನ್ನದ ಕೋಳಿಯೂ ಒಂದೇ ದಿನ ಮಲಗುತ್ತವೆ. ಸೂಜಿ ಬೇರೆ, ಬಕೆಟ್ಟು ಬೇರೆ.

ಮೂಗಿನ ಪಾಳಿ

ಹೊರಡುವಾಗ ಕೇಳಿಯೇಬಿಟ್ಟೆ, ದಿನಾ ಜಗಲಿಗೆ ಯಾಕೆ ಒಯ್ಯುತ್ತೀರಿ ಎಂದು.

“ಕೊರೊನಾ ಬಂದು ವಾಸಿಯಾದ್ಮೇಲೆ ನನ್ ಮೂಗು ಸತ್ತೋಯ್ತು ಕನಣ್ಣ. ಕಾಪಿಗೂ ಸೀಮೆಣ್ಣೆಗೂ ವೆತ್ಯಾಸ ತಿಳೀದು. ಒಂದ್ಸಲ ತೌಡು ಮುಗ್ಗಿರದು ಗೊತ್ತಾಗ್ದೆ ಕಲಸ್ಬುಟ್ಟಿದ್ದೆ. ನಮ್ಮತ್ತೆ ಜಗಲಿ ಮ್ಯಾಲಿಂದ್ಲೆ ಕೂಗುದ್ರು, ಏನವ್ವ ಅದು ಅಂತ.”

ಅವತ್ತಿನಿಂದ ಕೈ, ಕಣ್ಣು ಸೊಸೆಯದು, ಮೂಗು ಅತ್ತೆಯದು. ಎಂಬತ್ತು ದಾಟಿದ ಮುದುಕಿಗೆ ಮನೆಯಲ್ಲಿ ಉಳಿದಿರುವ ಕೆಲಸ ಇದೊಂದೇ. ಅದನ್ನೂ ಅವರು ಒಬ್ಬರೇ ಇಟ್ಟುಕೊಂಡಿಲ್ಲ. ಆ ಬೆಳಿಗ್ಗೆಯೂ ಬಕೆಟ್ಟು ತಮ್ಮ ಮುಖದಿಂದ ಕೆಳಗಿಳಿದ ಮೇಲೆ, ಪಕ್ಕದಲ್ಲಿ ಹಲ್ಲುಜ್ಜುತ್ತ ಕೂತಿದ್ದ ಮೊಮ್ಮಗಳ ಕುತ್ತಿಗೆ ಹಿಡಿದು ಬಗ್ಗಿಸಿದರು.

“ಯೋಳು ಕೂಸು, ಏನ್ ವಾಸ್ನೆ?”

ಮಗು ಪೇಸ್ಟಿನ ನೊರೆ ಉಗಿದು, ಮೂಗು ಅರಳಿಸಿ, ಸ್ವಲ್ಪ ಯೋಚಿಸಿ ಹೇಳಿತು: “ದ್ವಾಸೆ.”